ಕಮಾನಿನ ಬಳ್ಳಿ ಸೀಳಿದಾಗ

ಅಕ್ಕಾ,

ನೀನೆಲ್ಲಿದ್ದೀಯೋ ಗೊತ್ತಿಲ್ಲ, ಇದು ನಿನಗೆ ತಲುಪುವುದೂ ಇಲ್ಲ. ಆದರೂ ಹೇಳದೆ ಇರಲಾರೆ.

ಇವತ್ತು ನಾನೂ ಅಪ್ಪನೂ, ಅವರು ತೋಟ ನೋಡಿಕೊಳ್ಳುವ ಆಸ್ಪತ್ರೆಯ ಕಮಾನಿಗೆ ಕಾಗದದ ಹೂವಿನ ಬಳ್ಳಿ ಹಬ್ಬಿಸುತ್ತಿದ್ದೆವು. ನಾನು ತುಸು ಜೋರಾಗಿ ಎಳೆದೆ. ಮೈತುಂಬ ಹೂಬಿಟ್ಟಿದ್ದ ಕೊಂಬೆ ಲಟಕ್ಕನೆ ಸೀಳಿತು.

“ಅಯ್ಯೋ ಬಂಗಾರೀ, ನೋವಾಯ್ತೇನೇ?” ಎಂದರು ಅಪ್ಪ, ಆ ಕೊಂಬೆಯನ್ನು ಸವರುತ್ತಾ.

ಬಂಗಾರಿ! ನೀನು ಮನೆ ಬಿಟ್ಟ ಮೇಲೆ ನಿನ್ನ ಆ ಹೆಸರು ಯಾರ ಬಾಯಲ್ಲಿ ಬಂದರೂ ಊಟ ಬಿಟ್ಟು ಏಳುವ ಅಪ್ಪ! ನಾನು ಏಣಿಯ ಮೇಲೆ ಹಾಗೇ ನಿಂತುಬಿಟ್ಟೆ.

“ಏನ್ ನೋಡ್ತೀಯಾ? ದಾರ ಕೊಡು.”

ಕೊಟ್ಟೆ. ಸೀಳಿದಲ್ಲಿ ಬಟ್ಟೆ ಸುತ್ತಿ ಕಟ್ಟತೊಡಗಿದರು.

“ಅದು ಕೂಡ್ಕೊಳ್ಳಲ್ಲಪ್ಪಾ, ಕತ್ತರಿಸಿಬಿಡೋಣ,” ಎಂದೆ.

“ಕತ್ತರಿಸಿದ್ದು ಒಂದ್ಸಲ ಸಾಕು,” ಎಂದರು. ಆಮೇಲೆ ಗಂಟನ್ನು ಇನ್ನೊಮ್ಮೆ ಬಿಗಿದರು.