ಒಡಪಿಲ್ಲದೆ ಕರೆದ ಹೆಸರು

೧೪ ನವೆಂಬರ್ ೧೯೯೭, ಶುಕ್ರವಾರ. ರಾಮದುರ್ಗ

ಆ ಹೆಸರು ಇನ್ನೂ ನಾಲಿಗೆಯ ಮೇಲೇ ಕುಳಿತಿದೆ.

ಯರಗಟ್ಟಿ ರಸ್ತೆಯಲ್ಲಿ ಲಾರಿ ಬಡಿದು ಇವರ ತಲೆಗೆ ಪೆಟ್ಟಾದಾಗಿನಿಂದ ಕಣ್ಣುಗಳು ತೆರೆದೇ ಇರುತ್ತವೆ, ಆದರೆ ಮಾತಿಲ್ಲ, ಯಾರ ಗುರುತೂ ಇಲ್ಲ. ಹೆಸರು ಹಿಡಿದು ಕರೆಯುತ್ತಿರಿ ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದ್ದರು. ನಾನು ಗಂಡನ ಹೆಸರು ಹೇಳಿದ್ದು ಮದುವೆಯ ದಿನ, ಹೆಂಗಸರು ಇದೇ ಬಾಗಿಲು ತಡೆದು, ಗಂಡನ ಹೆಸರು ಪ್ರಾಸದಲ್ಲಿ ಸೇರಿಸಿ ಹೇಳುವ ಒಡಪು ಹೇಳಿಸಿದಾಗ ಮಾತ್ರ. ಇಷ್ಟು ದಿನವೂ "ಏನ್ರಿ, ಕೇಳ್ರಿಲ್ಲೆ" ಎಂದೇ ಕೂಗಿದೆ.

ಇಂದು ಸಂಜೆ ಅತ್ತೆ ಸಿಟ್ಟಾದರು. "ಹೆಸರ ಹಿಡದ ಕರಿಯವ್ವಾ. ನನ್ನ ಮಗಾ ತಿರಗಿ ಬರಲಿಲ್ಲಂದ್ರ ನಿನ್ನ ನಾಚಿಕಿ ತಗೊಂಡ ಏನ ಮಾಡ್ಲಿ?"

ಕಿವಿಯ ಹತ್ತಿರ ಬಾಗಿ, "ಬಸಲಿಂಗಪ್ಪಾ" ಎಂದೆ.

ತಲೆ ಮೆಲ್ಲಗೆ ಬಾಗಿಲ ಕಡೆಗೆ ಹೊರಳಿತು. ಆ ಹೆಸರಿನವನು ಈಗ ಒಳಗೆ ಬರುತ್ತಾನೆಂಬಂತೆ ನೋಡುತ್ತಲೇ ಇದ್ದರು.

ನಾನೂ ಅತ್ತೆಯೂ ಹೊರಳಿ ನೋಡಿದೆವು.

ಬಾಗಿಲು ಇನ್ನೂ ಹಾಕಿಲ್ಲ.