ಒಂದೂವರೆ ಗಂಟೆ ದೂರದ ಬಾಂಗಿ

ಮೇ 10, ಶುಕ್ರವಾರ

ವಿಮಾನದ ಟಿಕೆಟ್ ಕೌಂಟರಿನಲ್ಲಿ ಎಂದಿನ ರಗಳೆ. ಎಷ್ಟು ದೂರ, ಎಷ್ಟು ಹೊತ್ತು? ನಮ್ಮ ದುವಾಲಾದಿಂದ ಪಕ್ಕದ ದೇಶದ ಬಾಂಗಿಗೆ 985 ಕಿಲೋಮೀಟರ್, ಒಂದೂವರೆ ಗಂಟೆ. ಹದಿನಾಲ್ಕು ವರ್ಷದಿಂದ ಇದೇ ಗಿಳಿಪಾಠ.

ಮಧ್ಯಾಹ್ನ ಬಾಂಗಿಯಿಂದ ತಂಗಿ ಫಿಲೊಮೆನ್ ಫೋನ್. ಅಲ್ಲಿ ಯಾವ ಔಷಧಿ ಅಂಗಡಿಯಲ್ಲೂ ಇನ್ಸುಲಿನ್ ಇಲ್ಲವಂತೆ. ತನ್ನ ಹತ್ತಿರ ಇರುವುದು ಸೋಮವಾರದವರೆಗೆ. ನಗುತ್ತಲೇ ಹೇಳಿದಳು, ಮುಂಡೇದು. ಒಂಬತ್ತನೇ ವಯಸ್ಸಿನಿಂದ ಸೂಜಿ ಚುಚ್ಚಿಕೊಂಡೇ ಬದುಕಿದವಳು...

ಮೇ 11, ಶನಿವಾರ

ಇನ್ಸುಲಿನ್ ಸಿಕ್ಕಿತು. ಕಳಿಸುವುದು ಹೇಗೆ? ಲಾರಿಯಾದರೆ ವಾರ — ಬಿಸಿಲಿಗೆ ಕೆಟ್ಟೇ ಹೋಗುತ್ತದೆ. ಕೊರಿಯರ್‌ನವರು ತಂಪು ಔಷಧಿ ಮುಟ್ಟುವುದಿಲ್ಲವಂತೆ. ನಾನೇ ಹೋಗೋಣವೆಂದರೆ ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ವರ್ಷ. ಊರಿಗೆಲ್ಲ ಟಿಕೆಟ್ ಕೊಡುವವಳು ನಾನು! ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸಿತು.

ಇನ್ನು ಉಳಿದದ್ದು ಎಲ್ಲರೂ ಮಾಡುವುದೇ. ಸೋಮವಾರದ ವಿಮಾನಕ್ಕೆ ನಿಲ್ದಾಣದ ಬಾಗಿಲಲ್ಲಿ ನಿಂತು ಹೋಗುವವರ ಕೈಕಾಲು ಹಿಡಿಯುವುದು.

ಮೇ 13, ಸೋಮವಾರ, ಬೆಳಿಗ್ಗೆ 11

ಐದು ಜನ ಮುಖ ತಿರುಗಿಸಿದರು. ಡ್ರಗ್ಸ್ ಇರಬಹುದೆಂಬ ಭಯ. ಆರನೆಯವಳು ಬಟ್ಟೆ ವ್ಯಾಪಾರದ ಜೆನಬು, ವಯಸ್ಸಾದವಳು. ಐಸ್ ತುಂಬಿ ಇನ್ಸುಲಿನ್ ಇಟ್ಟಿದ್ದ ಫ್ಲಾಸ್ಕ್ ತೆರೆಸಿದಳು, ಮೂಸಿದಳು.

"ಈ ಐಸ್ ನೀರು ಒಂದು ಗುಟುಕು ಕುಡಿ ನೋಡೋಣ, ಮಗಳೇ."

ಕುಡಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಫ್ಲಾಸ್ಕ್ ಬಗಲಿಗೇರಿಸಿಕೊಂಡು ಒಳಗೆ ಹೋದಳು. ದೇವರು ಅವಳ ಹೊಟ್ಟೆ ತಣ್ಣಗಿಡಲಿ.

ಸಂಜೆ 4

ವಿಮಾನ ವಾಪಸ್ಸು ಬಂತು. ಬಾಂಗಿಯಲ್ಲಿ ಬಿರುಗಾಳಿ, ಇಳಿಯಲು ಆಗಲೇ ಇಲ್ಲ. ಜೆನಬು ಹೊರಗೆ ಬಂದವಳೇ ಫ್ಲಾಸ್ಕ್ ನನ್ನ ಕೈಗಿಟ್ಟಳು.

"ಮೂರು ಸುತ್ತು ಹೊಡೆದ್ವಿ. ಮೋಡದ ಸಂದೀಲಿ ಹೊಳೆ ಕಾಣ್ತು, ಮನೆಗಳ ತಗಡೂ ಕಾಣ್ತು. ಏನ್ ಮಾಡ್ಲಿ ಹೇಳು?"

ಮುಂದಿನ ವಿಮಾನ ಗುರುವಾರ. ಅವತ್ತೂ ತಾನೇ ಒಯ್ಯುತ್ತೇನೆ ಅಂದಳು. ಫಿಲೊಮೆನ್‌ಗೆ ಹೇಗೆ ತಿಳಿಸಲಿ ಎಂದು ಒದ್ದಾಡುತ್ತಿದ್ದಾಗ ಅವಳದೇ ಫೋನ್.

"ತಲೆ ಮೇಲೇ ಸದ್ದು ಕೇಳಿಸ್ತು ಕಣೇ ಅಕ್ಕ. ಬಂತು ಅಂತ ಅಂಗಳಕ್ಕೆ ಓಡಿಬಂದೆ."

ಮೇ 14, ಮಂಗಳವಾರ

ಫಿಲೊಮೆನ್ ಅರ್ಧರ್ಧ ಡೋಸ್ ಚುಚ್ಚಿಕೊಂಡು ಒಂದಿಷ್ಟು ಉಳಿಸಿದ್ದಾಳಂತೆ. ಬೈದೆ. ಆಮೇಲೆ ಅತ್ತೆ. ಫ್ಲಾಸ್ಕಿನ ಐಸ್ ಬದಲಿಸಿದೆ — ನನ್ನ ಕೈಲಿ ಇನ್ನೇನಾಗುತ್ತದೆ? ಕೌಂಟರಿಗೆ ಬಂದ ಒಬ್ಬಾತ ಬಾಂಗಿ ಎಷ್ಟು ಹೊತ್ತಿನ ದಾರಿ ಎಂದ. ನನಗೇನು ಗೊತ್ತು ಅಂದುಬಿಟ್ಟೆ. ಮ್ಯಾನೇಜರ್ ಕೆಂಗಣ್ಣು ಬಿಟ್ಟ. ಬಿಡಲಿ.

ಮೇ 16, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಬೆಳಿಗ್ಗೆಯಿಂದ ಅವಳಿಗೆ ವಾಂತಿ, ಸಂಜೆ ಹೊತ್ತಿಗೆ ಮಾತು ತೊದಲು. ಅವಳ ಗಂಡ ಫಿಡೆಲ್ ಆಸ್ಪತ್ರೆಗೆ ಸೇರಿಸಿದ್ದಾನೆ. ಅಲ್ಲೂ ಸಲೈನ್ ಬಿಟ್ಟರೆ ಏನಿಲ್ಲ.

12.05 — ಹೊರಟಿತು. ಜೆನಬು ಫ್ಲಾಸ್ಕನ್ನು ತೊಡೆಯ ಮೇಲೇ ಇಟ್ಟುಕೊಳ್ಳುತ್ತಾಳಂತೆ.

1.35 — ಸುದ್ದಿಯಿಲ್ಲ. ಮತ್ತೆ ಮೇಲೇ ಸುತ್ತುತ್ತಿದೆಯೋ ಏನೋ.

1.50 — ಇಳಿಯಿತು! ಜೆನಬು ಮೆಸೇಜು. ಫಿಡೆಲ್ ಹೊರಗೇ ಕಾಯುತ್ತಿದ್ದನಂತೆ, ಕಿತ್ತುಕೊಂಡು ಓಡಿದನಂತೆ.

2.40 — ಫಿಡೆಲ್ ಫೋನ್. ಆಸ್ಪತ್ರೆ ಮುಟ್ಟಿದ್ದಾನೆ. ಐಸ್ ಇನ್ನೂ ಕರಗಿಲ್ಲವಂತೆ. ಚುಚ್ಚಿದರಾ ಎಂದೆ. ಐಸ್ ಹಾಗೇ ಇದೆ ಅಂತ ಮತ್ತೆ ಅದನ್ನೇ ಅಂದ. ಅವಳ ಕಿವಿಗಾದರೂ ಫೋನ್ ಹಿಡಿಯಪ್ಪ, ನಾನೇ ಮಾತಾಡುತ್ತೇನೆ ಎಂದೆ. ಅವನು ಅಂದ, "ನಾನು ಬರೋ ಹೊತ್ತಿಗೆ ಹೋಗ್ಬಿಟ್ಟಿದ್ಲು, ಅಕ್ಕ."