ಇವರ ಬಾಯಲ್ಲಿ ಉಳಿದ ಒಂದೇ ಮಾತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5.50

ಐದಕ್ಕೆ ಎದ್ದೆ. ಇವರನ್ನು ಎಬ್ಬಿಸಿ ಕೂರಿಸಿದೆ. ಬೆನ್ನಿಗೆ ಎರಡು ದಿಂಬು. ಮುಖ ಒರೆಸಿ ಬೆಳಗಿನ ಪ್ರೆಶರ್ ಗುಳಿಗೆ ನುಂಗಿಸಿದೆ. "ಟೀ ಕೊಡ್ಲಾ?" ಅಂದೆ. "ಸಾಕು" ಅಂದರು. ಲೋಟವನ್ನೇ ಕೊಟ್ಟಿಲ್ಲ, ಆಗಲೇ ಸಾಕಂತೆ! ಕೊಟ್ಟೆ. ಪೂರ್ತಿ ಕುಡಿದರು.

ನಲವತ್ತೊಂದು ದಿನ ಆಯಿತು. ಅವತ್ತು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಮಾಮೂಲಿನಂತೆ ಜಾಸ್ತಿಯೇ ಹಚ್ಚಿದ್ದೆ. "ಸಾಕು" ಅಂದರು. ತಲೆ ಎತ್ತಿ ನೋಡಿದರೆ ಬಾಯಿ ಒಂದು ಕಡೆ ವಾಲಿತ್ತು. ಬಲಗೈ ತಟ್ಟೆಯ ಪಕ್ಕ ಯಾರದೋ ಕೈಯ ಹಾಗೆ ಬಿದ್ದಿತ್ತು. ಸ್ಟ್ರೋಕ್. ಆಮೇಲಿನಿಂದ ಬಾಯಲ್ಲಿ ಅದೊಂದೇ ಮಾತು. ಹೌದು ಅನ್ನಲೂ ಸಾಕು, ಇಲ್ಲ ಅನ್ನಲೂ ಸಾಕು. ನೋವಾದರೂ ಸಾಕು. ನನ್ನನ್ನು ಕರೆಯಲೂ ಅದೇ. ಮೊದಲು "ಏ ಇವಳೇ" ಅಂತ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅದಕ್ಕೆ ಸಿಡುಕಿದ್ದೇನೆ. ಈಗ ಒಂದು ಸಲ ಕರೆದರೆ ಸಾಕು ಅನಿಸುತ್ತದೆ... ನೋಡು, ನನಗೂ ಅದೇ ಮಾತು ಬರುತ್ತಿದೆ.

ಚರ್ಚಿನ ಸಭೆಯಲ್ಲಿ ಇವರು ಪ್ರಾರ್ಥನೆಗೆ ನಿಂತರೆ ಜನ ಗಡಿಯಾರ ನೋಡುತ್ತಿದ್ದರು. ಮನೆಯಲ್ಲೂ ಅಷ್ಟೇ. ಊಟಕ್ಕೆ ಮುಂಚೆ ಲೋಕದ ರೋಗಿಗಳನ್ನೆಲ್ಲ ಒಬ್ಬೊಬ್ಬರಾಗಿ ದೇವರಿಗೆ ಒಪ್ಪಿಸಬೇಕು. ನಾನು ಒಂದು ಕಣ್ಣು ತೆರೆದು ತಟ್ಟೆ ಆರುವುದನ್ನು ನೋಡುತ್ತಿದ್ದೆ. ಲಿಫ್ಟ್ ರಿಪೇರಿಯವರು ಇವರು. ಸಿಕ್ಕಿಕೊಂಡ ಎಷ್ಟು ಜನರನ್ನು ಹೊರಗೆ ತೆಗೆದಿದ್ದಾರೋ. ಈಗ ಇವರ ಮಾತೇ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ.

ಎಂಟೂವರೆಗೆ ಭಾವ ಬರುತ್ತಾರೆ, ಇವರ ಅಣ್ಣ. ನಾನು ಅಂಗಡಿಗೆ. ಇವತ್ತು ಹನ್ನೊಂದು ಪ್ಯಾಂಟಿನ ಉದ್ದ ಕಮ್ಮಿ ಮಾಡಬೇಕು.

ಮಾರ್ಚ್ 5, ಬುಧವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಚಿತ್ರದ ಕಾರ್ಡುಗಳು. ಬೀಗ — ಸಾಕು. ಮೀನು — ಸಾಕು. ಕುರ್ಚಿ ತೋರಿಸಿದಾಗ ಸಿಟ್ಟು ಬಂದು ಕಾರ್ಡನ್ನೇ ತಳ್ಳಿದರು. ಇವರಿಗೆ ಗೊತ್ತು ಅದು ಕುರ್ಚಿ ಅಂತ. ಅದೇ ಹಿಂಸೆ.

"ಅಮ್ಮಾ, ಆ ಮಾತಿಗೆ ಅರ್ಥ ಹುಡುಕ್ಬೇಡಿ. ಅದು ನಾಲಿಗೆಗೆ ಅಂಟ್ಕೊಂಡಿದೆ ಅಷ್ಟೇ. ಬೇಕೋ ಬೇಡವೋ ಅಂತ ಕಣ್ಣು ನೋಡಿ, ಎಡಗೈ ನೋಡಿ" ಅಂದರು ಮೇಡಂ. ಬೇರೆ ಮಾತು ಬರುತ್ತದಾ ಅಂತ ಕೇಳಿದೆ. "ಮೊದಲ ಕೆಲವು ತಿಂಗಳು ಮುಖ್ಯ. ಇನ್ನೊಂದು ಸ್ಟ್ರೋಕ್ ಆಗದ ಹಾಗೆ ನೋಡ್ಕೊಳ್ಳಿ. ಹಾಗೇನಾದ್ರೂ ಆದ್ರೆ ಇರೋದೂ ಹೋಗುತ್ತೆ."

ಭಾವನಿಗೂ ಎಲ್ಲ ಹೇಳಿದೆ. ಮಧ್ಯಾಹ್ನ ಊಟವಾದ ಮೇಲಿನ ಗುಳಿಗೆ ತಪ್ಪಿಸಲೇಬೇಡಿ, ರಕ್ತ ಹೆಪ್ಪುಗಟ್ಟದ ಹಾಗೆ ಕಾಯುವುದು ಅದೇ ಅಂತ. "ಕಾಯೋನು ದೇವರಮ್ಮ" ಅಂದರು. ಸರಿ, ದೇವರೇ. ಆದರೂ ಗುಳಿಗೆ ಕೊಡಿ ಅಂದೆ. ನಕ್ಕರು. ಒಳ್ಳೆಯವರು. ಮಗುವಿಗೆ ಮಾಡುವ ಹಾಗೆ ಇವರ ಗಡ್ಡ ಹೆರೆಯುತ್ತಾರೆ. ಅವರ ಬೆನ್ನು ಹಿಂದೊಮ್ಮೆ ಬರೀ ಪ್ರಾರ್ಥನೆಯಿಂದ ವಾಸಿಯಾಗಿತ್ತಂತೆ. ಮದುವೆಯಾದಾಗಿನಿಂದ ಆ ಕಥೆ ಕೇಳುತ್ತಿದ್ದೇನೆ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಬರೆಯಲಾಗುತ್ತಿಲ್ಲ. ಬರೆಯುತ್ತೇನೆ.

ಇವರನ್ನು ಮೊದಲ ಸಲ ಗಾಲಿ ಕುರ್ಚಿಯಲ್ಲಿ ಆರಾಧನೆಗೆ ಕರೆದುಕೊಂಡು ಹೋದೆವು. ಹಿಂದಿನ ಸಾಲಿನಲ್ಲಿ ಕೂರೋಣ ಅಂದಿದ್ದೆ. ಭಾವ ಕೇಳಲಿಲ್ಲ, ಮುಂದಕ್ಕೇ ತಳ್ಳಿಕೊಂಡು ಹೋದರು. ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿ ಹೇಳುವ ಹೊತ್ತು ಬಂತು. ಸಭೆ ನಡೆಸುವ ಪಾಸ್ಟರ್ ಅಯ್ಯನವರು ವೇದಿಕೆಯಿಂದ ಇಳಿದು ಬಂದು ಇವರ ಭುಜದ ಮೇಲೆ ಕೈ ಇಟ್ಟು ಕೇಳಿದರು: "ಅಣ್ಣಾ, ಈ ಕಷ್ಟದಲ್ಲಿ ನಮಗೆ ದೇವರ ಕೃಪೆ..." ಅಷ್ಟು ಹೇಳಿ ಮೈಕ್ ಇವರ ಬಾಯಿಗೆ ಹಿಡಿದರು.

"ಸಾಕು" ಅಂದರು ಇವರು.

ಮುಗಿಯಿತು! ಹಲ್ಲೆಲೂಯ ಅಂದರೆ ಹಲ್ಲೆಲೂಯ. ಹಿಂದಿನವರು ಎದ್ದು ನಿಂತರು. ಹೆಂಗಸರು ಕಣ್ಣು ಒರೆಸಿಕೊಂಡರು. ಭಾವ ಬಿಕ್ಕಿ ಬಿಕ್ಕಿ ಅತ್ತರು. ಇವರು ನನ್ನ ಕಡೆ ತಿರುಗಿ "ಸಾಕು, ಸಾಕು" ಅಂತ ಎಡಗೈಯಿಂದ ಪ್ಯಾಂಟು ತಟ್ಟಿಕೊಳ್ಳುತ್ತಿದ್ದರು. ಮೂತ್ರಕ್ಕೆ ಹೋಗಬೇಕಿತ್ತು ಪಾಪ. ಅಷ್ಟು ಜನರಲ್ಲಿ ಅದು ತಿಳಿದದ್ದು ನನಗೊಬ್ಬಳಿಗೆ. ಕುರ್ಚಿ ತಳ್ಳಿಕೊಂಡು ಹೊರಗೆ ಓಡಿದೆ. ತಡವಾಗಿತ್ತು.

ಬಾಗಿಲ ಹತ್ತಿರ ಒಬ್ಬಾಕೆ ನನ್ನ ಕೈ ಹಿಡಿದುಕೊಂಡು, "ದೇವರ ಶಕ್ತಿ ದೊಡ್ಡದು ಅಕ್ಕಾ, ನಂಬಿ" ಅಂದಳು. ನಂಬದೆ ಏನು ಮಾಡಿದ್ದೇನೆ ತಾಯೀ? ನಂಬಿಕೊಂಡೇ ಒದ್ದೆ ಪ್ಯಾಂಟು ಒಗೆಯುತ್ತಿದ್ದೇನೆ. ಬಾಯಿಗೆ ಬಂತು. ನುಂಗಿಕೊಂಡೆ.

ಮಾರ್ಚ್ 11, ಮಂಗಳವಾರ

ಅಂಗಡಿಯಲ್ಲಿ ಕಾಜಾಳಿಗೆ ಹೇಳಿದೆ. ಅವಳು ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ. ದಿನವಿಡೀ ಗುಂಡಿಗೆ ಕಾಜಾ ಹೊಲಿಯುವುದರಿಂದ ಆ ಹೆಸರು. ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಅಂದಳು: "ಏ ಹುಚ್ಚೀ, ಅದು ಆ ಸಾಕು ಅಲ್ಲ ಕಣೇ. ನನ್ನನ್ನ ಸಾಕು ಅಂತಿದಾರೆ ಯಜಮಾನ್ರು. ನೀನೇ ತಾನೇ ಈಗ ಸಾಕ್ತಿರೋದು!" ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕೋಟಿನ ಜಿಪ್ ತಲೆಕೆಳಗಾಗಿ ಹಾಕಿದ್ದೆ. ಬಿಚ್ಚಿ ಮತ್ತೆ ಹಾಕಿದೆ.

ಊಟಕ್ಕೆ ಕೂತಾಗ ಇವರು ಕಣ್ಣು ಮುಚ್ಚಿ ಕಾಯುತ್ತಾರೆ. ನಾನು ಪ್ರಾರ್ಥನೆ ಮಾಡಲಿ ಅಂತ. ನನಗೆ ಆಗುತ್ತಿಲ್ಲ. ಬಾಯಿ ತೆರೆದರೆ ಜಗಳವೇ ಬರುತ್ತದೆ. ಸುಮ್ಮನೆ ಚಮಚ ಕೈಗೆ ಕೊಡುತ್ತೇನೆ. ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾರೆ. ಆಮೇಲೆ ತಿನ್ನುತ್ತಾರೆ.

ಮಾರ್ಚ್ 18, ಮಂಗಳವಾರ. ಸಂಜೆ 7

ಮಧ್ಯಾಹ್ನದ ಗುಳಿಗೆಯ ಡಬ್ಬಿ ಖಾಲಿಯಾಗುವ ಹೊತ್ತು. ಹೊಸದು ತರೋಣ ಅಂತ ತೆರೆದೆ. ಆರು ಉಳಿದಿವೆ. ಉಳಿಯಬಾರದು.

"ಭಾವ, ಇದೇನಿದು?"

ಮುಚ್ಚಿಡಲಿಲ್ಲ ಅವರು. ನೆಟ್ಟಗೆ ಹೇಳಿದರು. "ಅವನೇ ಸಾಕು ಅಂದ ಕಣಮ್ಮ. ಗುಳಿಗೆ ಮುಂದೆ ಹಿಡಿದು, ಬೇಕೇನೋ ತಮ್ಮಾ ಅಂದೆ. ಸಾಕು ಅಂದ. ದಿನಾ ಕೇಳ್ದೆ. ದಿನಾ ಅದೇ. ಅವನ ನಂಬಿಕೆಗೆ ಅಡ್ಡ ಬರೋಕೆ ನಾನ್ಯಾರು? ಸಭೆ ಮುಂದೇನೇ ಸಾಕ್ಷಿ ಹೇಳಿದಾನಲ್ಲ!"

"ಅವ್ರು ನೀರಿಗೂ ಸಾಕು ಅಂತಾರೆ ಭಾವ. ನೀರು ಕುಡಿಸಲ್ವಾ ನೀವು?"

"ಅದು ಬೇರೆ..."

"ಏನು ಬೇರೆ? ಗಡ್ಡ ಹೆರೆಯೋವಾಗ್ಲೂ ಸಾಕು ಅಂತಾರಲ್ಲ, ಅರ್ಧಕ್ಕೇ ಬಿಡ್ತೀರಾ? ನಿಮಗೆ ಬೇಕಾದಾಗ ಮಾತ್ರ ಅದು ಸಾಕ್ಷಿ ಆಗುತ್ತಾ?"

"ದೇವರ ಶಕ್ತಿ ಮೇಲೆ ನಿನಗೆ ನಂಬಿಕೆ ಇಲ್ವಾ?" ಅಂದರು. ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಭಾವನ ಎದುರು ದನಿ ಎತ್ತಿದವಳಲ್ಲ ನಾನು. ಎತ್ತಿದೆ. "ನಂಬಿಕೆ ನಿಮ್ಮದು, ರಕ್ತ ಅವರದು!" ಅಂತ ಕಿರುಚಿದೆ. ಪಕ್ಕದ ಮನೆಯ ಕಿಟಕಿ ಮುಚ್ಚಿದ ಸದ್ದು ಕೇಳಿತು. ಭಾವ ಚಪ್ಪಲಿ ಮೆಟ್ಟಿಕೊಂಡು ಹೋದರು. ಇವರು ಮಂಚದ ಮೇಲಿಂದ "ಸಾಕು, ಸಾಕು" ಅನ್ನುತ್ತಿದ್ದರು. ಅದೊಂದು ಸಲ ಅರ್ಥ ಸರಿಯಾಗಿತ್ತೇನೋ.

ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಒಂದು ಕೊಡಿ, ಬಿಟ್ಟದ್ದನ್ನೆಲ್ಲ ಸೇರಿಸಿ ಕೊಡಬೇಡಿ, ಏನಾದರೂ ವ್ಯತ್ಯಾಸ ಕಂಡರೆ ತಕ್ಷಣ ಕರೆತನ್ನಿ ಅಂದರು.

ಮಾರ್ಚ್ 20, ಗುರುವಾರ

ಭಾವ ಬಂದಿಲ್ಲ. ನಾನು ಹೊಲಿಗೆಯನ್ನು ಮನೆಗೇ ತಂದಿದ್ದೇನೆ. ಮೆಷಿನ್ ಮಂಚದ ಪಕ್ಕ. ಹೊಲಿಯುವಾಗ ಪ್ರತಿ ಐದು ನಿಮಿಷಕ್ಕೊಮ್ಮೆ ಇವರ ಮುಖ ನೋಡುತ್ತೇನೆ, ಬಾಯಿ ವಾಲಿದೆಯಾ ಅಂತ.

ಅಯ್ಯನವರು ಬಂದರು. ಉಪದೇಶ ಶುರು ಮಾಡಿದರೆ ಎದ್ದು ಹೋಗಿ ಅನ್ನಬೇಕು ಅಂತ ಸಿದ್ಧವಾಗಿ ಕೂತಿದ್ದೆ. ಅವರು ಕುರ್ಚಿಯ ತುದಿಯಲ್ಲಿ ಕೂತರು. "ಅವತ್ತು ನಾನು ಹಾಗೆ ಕೇಳಬಾರದಿತ್ತಮ್ಮ. ಅವರು ಅದೊಂದೇ ಮಾತು ಆಡ್ತಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳ್ದೆ. ಜನಕ್ಕೆ ಧೈರ್ಯ ಬರಲಿ ಅಂತ."

ಗೊತ್ತಿದ್ದೇ! ಬಂದ ಸಿಟ್ಟಿಗೆ ಏನು ಮಾಡಲೂ ಸಿದ್ಧಳಿದ್ದೆ. ಆದರೆ ತಪ್ಪು ಒಪ್ಪಿಕೊಂಡವರನ್ನು ಬೈಯುವುದು ಹೇಗೆ? ಟೀ ಕೊಟ್ಟೆ. ಸಕ್ಕರೆ ಹಾಕಲಿಲ್ಲ. ಪೂರ್ತಿ ಕುಡಿದರು.

ಹೊರಡುವಾಗ, "ನೀವೇ ಒಂದು ಮಾತು ಪ್ರಾರ್ಥನೆ ಮಾಡಿ" ಅಂದರು. "ನನಗೆ ಬರಲ್ಲ ಅಯ್ಯನವರೇ. ಈ ಮನೇಲಿ ಆ ಡಿಪಾರ್ಟ್‌ಮೆಂಟ್ ಇವರದು" ಅಂದೆ. "ಚೆನ್ನಾಗೇ ಬರಬೇಕು ಅಂತ ಯಾರು ಹೇಳಿದ್ರು?" ಅಂದು ಹೋದರು. ಹೇಳುವುದು ಸುಲಭ.

ಮಾರ್ಚ್ 22, ಶನಿವಾರ. ಆಸ್ಪತ್ರೆ ಕಾರಿಡಾರ್, ಬೆಳಿಗ್ಗೆ 11

ತಿಂಡಿ ತಿನ್ನುವಾಗ ಲೋಟ ಬಿತ್ತು. ಎಡಗೈಯಿಂದ. ಚೆನ್ನಾಗಿದ್ದ ಕೈಯಿಂದ! "ಏನಾಯ್ತು?" ಅಂದೆ. ಬಾಯಿ ತೆರೆದರು. ಏನೂ ಬರಲಿಲ್ಲ. ಸಾಕು ಕೂಡ ಬರಲಿಲ್ಲ. "ಸಾಕು ಅನ್ರಿ, ಒಂದ್ಸಲ ಅನ್ರಿ" ಅಂತ ಕೆನ್ನೆ ಹಿಡಿದು ಬೇಡಿಕೊಂಡೆ. ಎರಡು ತಿಂಗಳಿಂದ ಆ ಮಾತನ್ನು ಶಪಿಸಿದ್ದೇನೆ. ಅದೂ ಹೋಯಿತಲ್ಲ ಅಂತ ಎದೆ ಒಡೆದುಹೋಯಿತು.

ಒಳಗೆ ತಲೆಯ ಫೋಟೋ ತೆಗೆಯುತ್ತಿದ್ದಾರೆ. ಇಲ್ಲಿ ಬೆಂಚು, ಬಿಳಿ ಗೋಡೆ, ಕೆಲಸ ಮಾಡದ ಫ್ಯಾನ್. ಕರ್ತನೇ, ನಿನ್ನ ಶಕ್ತಿ ಎಲ್ಲಿಟ್ಟಿದ್ದೀ? ಸಮುದ್ರವನ್ನೇ ಗದರಿಸಿ ಸುಮ್ಮನಾಗಿಸಿದವನಂತೆ ನೀನು. ಒಂದು ನಾಲಿಗೆ ನಿನಗೆ ಯಾವ ಲೆಕ್ಕ?

ಅದೇ ದಿನ, ಮಧ್ಯಾಹ್ನ 3

ಎಡಗೈ ಮತ್ತೆ ಆಡುತ್ತಿದೆ. ನರ್ಸ್ ಸೂಜಿ ಚುಚ್ಚಿದಾಗ "ಸಾಕು!" ಅಂತ ಕೂಗಿದರು. ಸಂಗೀತ ಕೇಳಿದ ಹಾಗಾಯಿತು ನನಗೆ.

ಯಾರು ಹೇಳಿದರೋ, ಭಾವ ಓಡಿಬಂದಿದ್ದರು. ಶರ್ಟಿನ ಗುಂಡಿ ಹೆಚ್ಚುಕಮ್ಮಿ ಹಾಕಿಕೊಂಡು. ಡಾಕ್ಟರನ್ನು ತಾವೇ ಕೇಳಿದರು, "ಗುಳಿಗೆ ಬಿಟ್ಟಿದ್ದಕ್ಕಾ ಸಾರ್?" ಡಾಕ್ಟರ್ ಅಂದರು, "ಅದರಿಂದಲೇ ಅಂತ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ. ಇದು ಎಚ್ಚರಿಕೆ. ಇನ್ನು ಮೇಲೆ ಒಂದು ದಿನವೂ ತಪ್ಪಬಾರದು."

ಭಾವ ಗೋಡೆ ಹಿಡಿದುಕೊಂಡು ನಿಂತರು. "ನನ್ನ ಬೆನ್ನು ವಾಸಿ ಆಗಿದ್ದು ನಿಜ ಕಣಮ್ಮ" ಅಂದರು. ಆ ಹೊತ್ತಿನಲ್ಲೂ ಅದೇ. "ನಿಜ ಭಾವ, ಇಲ್ಲ ಅಂದೋರ್ಯಾರು?" ಅಂದೆ. ಕ್ಷಮಿಸಿದೆನಾ? ಇಲ್ಲ. ಸುಳ್ಳು ಯಾಕೆ ಬರೆಯಲಿ.

ಮಾರ್ಚ್ 27, ಗುರುವಾರ

ಮನೆಗೆ ಬಂದು ಮೂರು ದಿನ. ಭಾವ ಮತ್ತೆ ಬರುತ್ತಿದ್ದಾರೆ. ಬೇಡ ಅನ್ನಲು ನನಗೆ ಬೇರೆ ಗತಿ ಇಲ್ಲ. ದಿನಾ ಒಂದೂವರೆಗೆ ಅಂಗಡಿಗೆ ಫೋನ್: "ಕೊಟ್ಟೆ. ನುಂಗಿದ. ಬಾಯಿ ತೆಗೆಸಿ ನೋಡಿದೀನಿ." ಟಕ್ಕಂತ ಇಡುತ್ತಾರೆ. ಕಾಜಾ ನಗುತ್ತಾಳೆ. ನಾನೂ ಅರ್ಧ ನಕ್ಕೆ.

ಮೇಡಂ ಕಾರ್ಡು ತೋರಿಸಿದರು. ಬೀಗ — ಸಾಕು. ಮೀನು — ಸಾಕು. ಎಲ್ಲಿದ್ದೆವೋ ಅಲ್ಲೇ.

ಮಾರ್ಚ್ 30, ಭಾನುವಾರ. ಸಂಜೆ 6.40

ಆರಾಧನೆಗೆ ಹೋಗಲಿಲ್ಲ. ಇಬ್ಬರೇ ಮೇಜಿಗೆ ಕೂತೆವು. ಇವರು ಕಣ್ಣು ಮುಚ್ಚಿದರು. ಎಂದಿನ ಹಾಗೆ ಚಮಚ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಕಣ್ಣು ಬಿಡಲಿಲ್ಲ. ಹಟ. ನನಗೆ ರೇಗಿತು. ಬೇಕಾ ನಿಮಗೆ ಪ್ರಾರ್ಥನೆ? ತಗೊಳ್ಳಿ ಅಂತ ಶುರು ಮಾಡಿದೆ.

"ಕರ್ತನೇ, ಇವತ್ತು ಮಾತಾಡ್ತಿರೋದು ನಾನು, ಇವರಲ್ಲ. ಇವರನ್ನ ನೀನೇ ಸುಮ್ಮನಿರಿಸಿದೀಯ. ನಿನಗೆ ಶಕ್ತಿ ಇದೆ ಅಂತ ಎಲ್ಲರೂ ನನಗೆ ಬಂದು ಹೇಳ್ತಾರೆ. ನನಗೆ ಶಕ್ತಿ ಮುಗಿದಿದೆ ಅಂತ ನಿನಗೆ ಯಾರಾದರೂ ಹೇಳಿದ್ರಾ? ನನ್ನ ಬೆನ್ನು ಬಿದ್ದುಹೋಗಿದೆ. ಭಾವನ ಮುಖ ನೋಡಿದ್ರೆ ಸಿಟ್ಟು ಬರುತ್ತೆ. ಜನ ಹಲ್ಲೆಲೂಯ ಅಂದ್ರೆ ಮೈ ಉರಿಯುತ್ತೆ. ನಿನ್ನನ್ನ ಬಿಟ್ಟು ಹೋಗೋಣ ಅಂತ ಎಷ್ಟೋ ಸಲ ಅನ್ಸಿದೆ. ಹೋಗಲಿ ಎಲ್ಲಿಗೆ? ಬೈಯೋಕೂ ನನಗೆ ನೀನೇ ಬೇಕು. ಕೊಡೋ ಹಾಗಿದ್ರೆ ಕೊಡು. ಕೊಡದೆ ಇದ್ರೂ ಇಲ್ಲೇ ಇರು, ಎದ್ದು ಹೋಗಬೇಡ. ಸಾಕು. ಆಮೆನ್."

ಚಮಚಕ್ಕೆ ಕೈ ಚಾಚಿದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಕಣ್ಣು ಮುಚ್ಚೇ ಇತ್ತು, ಕೆನ್ನೆ ಒದ್ದೆ. ತುಟಿ ಮುಂದಕ್ಕೆ ಬಂತು, ಹಿಂದಕ್ಕೆ ಹೋಯಿತು. ನಾಲಿಗೆ ಹಲ್ಲಿಗೆ ತಾಗಿತು.

"ಇನ್ನೂ" ಅಂದರು.

ಏನಂದ್ರಿ ಅಂದೆ. "ಇನ್ನೂ." ಸ್ಪಷ್ಟವಾಗಿ. ಮೊದಲಿನ ದನಿಯಲ್ಲೇ.

ಎದ್ದು ಅಡುಗೆಮನೆಗೆ ಬಂದು, ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ. ಇದೂ ಅಂಟಿಕೊಳ್ಳುವ ಮಾತೇ ಇರಬಹುದು. ನಾಳೆಯಿಂದ ಟೀಗೂ ಇನ್ನೂ, ಮೀನಿಗೂ ಇನ್ನೂ. ಇರಲಿ. ಊಟ ಆರಿಹೋಗಿದೆ. ಅದೂ ಇರಲಿ.

ಮತ್ತೆ ಕರೆಯುತ್ತಿದ್ದಾರೆ. ಅದೇ ಮಾತು. ಬಂದೆ ಅಂದೆ. ಎದೆಯಲ್ಲಿದ್ದದ್ದೆಲ್ಲ ಹೇಳಿಯಾಯಿತಲ್ಲ, ಇನ್ನು ಏನಂತ ಶುರು ಮಾಡಲಿ? ಕರ್ತನೇ, ಮತ್ತೆ ನಾನೇ —